ಎಂಟೂಕಾಲರ ಸುಣ್ಣದ ಗೆರೆ

ಹೋದ ವಾರ ಕೋಣನಕುಂಟೆಯ ನಮ್ಮ ಸೈಟಿನ ಸ್ಟೋರ್ ರೂಮಿನಲ್ಲಿ ಹೊಸ ಸುಣ್ಣದ ಚೀಲ ಬಿಚ್ಚಿದೆ. ಪಾಯದ ಗುರುತು ಹಾಕುವ ಪುಡಿ. ಚೀಲದ ಬಾಯಿ ತೆರೆದದ್ದೇ ತಡ, ಆ ಒಣ ಘಾಟು ಮೂಗಿಗೆ ಅಡರಿ ಎರಡು ಸಲ ಸೀನಿದೆ. ಕಣ್ಣಲ್ಲಿ ನೀರು ಬಂತು. ಸೀನಿದ್ದಕ್ಕೆ ಬಂದ ನೀರು ಎಂದು ಸ್ಟೋರಿನವರು ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಚೀಲದ ಪಕ್ಕದಲ್ಲಿ ತುಕ್ಕು ಹಿಡಿದ ಒಂದು ಹಾಲಿನ ಪುಡಿಯ ಡಬ್ಬ ಇತ್ತು. ತಳಕ್ಕೆ ಮೊಳೆಯಿಂದ ತೂತು ಹೊಡೆದ ಡಬ್ಬ. ಎಲ್ಲಿ ಕೆಲಸಕ್ಕೆ ಹೋದರೂ ಅದನ್ನು ಜೊತೆಗೆ ಒಯ್ಯುತ್ತೇನೆ. ಅದು ನನ್ನದಲ್ಲ, ಮೇಸ್ತ್ರಿಯದು...

ಅದಕ್ಕೆ ಎರಡು ದಿನ ಮೊದಲು ನೀರಿನ ಅಕ್ಕ ಸುದ್ದಿ ತಂದಿದ್ದರು. ಕಂಬಕ್ಕೆ, ಗೋಡೆಗೆ ಪೈಪ್ ಹಿಡಿದು ನೀರುಣಿಸುವುದು ಅವರ ಕೆಲಸ. ಹನ್ನೆರಡು ವರ್ಷದಿಂದ ಸೈಟಿಂದ ಸೈಟಿಗೆ ನನ್ನ ಜೊತೆಯಲ್ಲೇ ಬರುತ್ತಿದ್ದಾರೆ. "ಮೇಸ್ತ್ರಿ ಅಣ್ಣ ಹೋಗ್ಬಿಟ್ರಂತೆ ಮೇಡಂ. ತಿಂಗಳ ಮೇಲಾಯ್ತಂತೆ" ಎಂದರು. ಕತ್ರಿಗುಪ್ಪೆಯಲ್ಲಿ ಮಗಳ ಮನೆಯಲ್ಲಿದ್ದರಂತೆ. ಕೋಣನಕುಂಟೆಯಿಂದ ಕತ್ರಿಗುಪ್ಪೆ ಏನು ಮಹಾ ದೂರ? ಇಷ್ಟು ವರ್ಷದಲ್ಲಿ ನಾನು ಒಂದು ಸಲವೂ ಹೋಗಲಿಲ್ಲ. ಟ್ರಾಫಿಕ್ ಎಂದರೆ ಬೆಂಗಳೂರಿನಲ್ಲಿ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಆದರೆ ನಾನು ಹೋಗದೆ ಇದ್ದದ್ದಕ್ಕೆ ಟ್ರಾಫಿಕ್ ಕಾರಣವಲ್ಲ.

ಅದೇ ವಾರ ಹೆಡ್ಡಾಫೀಸಿನಿಂದ ಒಂದು ಮೇಲ್ ಬಂತು. ಬೆಳಗಿನ ಮೀಟಿಂಗ್ ಇನ್ನು ಮುಂದೆ ಫೋನಿನ ಆ್ಯಪ್‌ನಲ್ಲಿ ನಡೆಯಬೇಕು, ಒಂದೊಂದು ಕೆಲಸದ ಮುಖ್ಯಸ್ಥರು ಮಾತ್ರ ಸೇರಬೇಕು, ಕೂಲಿಯವರನ್ನೆಲ್ಲ ಕೆಲಸ ಬಿಡಿಸಿ ನಿಲ್ಲಿಸಿಕೊಳ್ಳುವುದು ಕೂಡದು. ನಾನು ಮೂರು ಸಲ ಓದಿದೆ. ಉತ್ತರ ಬರೆಯಲಿಲ್ಲ. ಇನ್ನೊಂದು ಚೀಲ ಸುಣ್ಣ ತರಿಸಿದೆ.

ಮೇಸ್ತ್ರಿಯನ್ನು ನಾನು ಮೊದಲು ನೋಡಿದ್ದು ಸಾರಕ್ಕಿ ಸಿಗ್ನಲ್ಲಿನ ಹಿಂದೆ ಎದ್ದೇಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ. ನನಗಾಗ ಇಪ್ಪತ್ನಾಲ್ಕು. ಸೈಟ್ ಎಂಜಿನಿಯರ್ ಎಂಬ ಬೋರ್ಡು ಹೆಗಲ ಮೇಲೆ ಇರಲಿಲ್ಲ ಅಷ್ಟೆ, ನಡಿಗೆಯಲ್ಲಿ ಇತ್ತು. ಜಯನಗರದ ಮನೆಯಿಂದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಲ್ಮೆಟ್ಟನ್ನು ಕಂಕುಳಲ್ಲಿ ಹಿಡಿದುಕೊಂಡು ಬರುತ್ತಿದ್ದೆ. ಅವರಿಗೆ ಐವತ್ತೈದರ ಹತ್ತಿರ. ಕುಳ್ಳಗೆ, ಕರ್ರಗೆ, ಕಿವಿಯ ಮೇಲೆ ಬಡಗಿಯ ಪೆನ್ಸಿಲ್ಲು, ಮಡಿಚಿದ ಪ್ಯಾಂಟು. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ಹಿಂದಿಯನ್ನು ಮಾತ್ರ ಕೈಸನ್ನೆಯಲ್ಲಿ ತುಂಬಿಸುತ್ತಿದ್ದರು.

ಬಂದ ಮೊದಲ ವಾರವೇ ನಾನು ದಿನಾ ಬೆಳಿಗ್ಗೆ ಮೀಟಿಂಗ್ ಎಂದು ಘೋಷಿಸಿದೆ. ಕಾಲೇಜಿನಲ್ಲಿ ಓದಿದ್ದೆನಲ್ಲ, ಸುಮ್ಮನಿರಲಾಗಲಿಲ್ಲ. ಮೂರು ಹಾಳೆ ಬರೆದುಕೊಂಡು ಬಂದು, ಇಟ್ಟಿಗೆ ರಾಶಿಯ ಮುಂದೆ ಎಲ್ಲರನ್ನೂ ನಿಲ್ಲಿಸಿ, ನಡುವೆ ನಿಂತು ನಲವತ್ತು ನಿಮಿಷ ಮಾತಾಡಿದೆ. ಗುರಿ, ಶಿಸ್ತು, ಸುರಕ್ಷತೆ, ಮತ್ತೆ ಗುರಿ. ಜನ ತಲೆಯಾಡಿಸಿದರು. ನನಗೆ ಸಖತ್ ಖುಷಿಯಾಯಿತು. ಎಲ್ಲ ಮುಗಿದ ಮೇಲೆ ಮೇಸ್ತ್ರಿ ಹತ್ತಿರ ಬಂದು, "ಚೆನ್ನಾಗ್ ಮಾತಾಡಿದ್ರಿ ಮೇಡಂ. ಆದ್ರೆ ಆಗ್ಲೇ ಕಲಸಿಟ್ಟಿದ್ದ ಗಾರೆ ಗಟ್ಟಿ ಆಗೋಯ್ತು, ಹೊಸದಾಗಿ ಕಲಸ್ಬೇಕು" ಎಂದರು. ಮುಖದಲ್ಲಿ ನಗೆ ಇರಲಿಲ್ಲ, ಆದರೂ ನಾನು ಕೆಂಪಾದೆ.

ಮರುದಿನ ನಾನು ಬರುವ ಹೊತ್ತಿಗೆ ಮೇಸ್ತ್ರಿ ಆ ತೂತು ಡಬ್ಬಕ್ಕೆ ಸುಣ್ಣ ತುಂಬಿಕೊಂಡು, ಸೈಟಿನ ಬಾಗಿಲಲ್ಲಿ ನೆಲದ ಮೇಲೆ ದೊಡ್ಡದೊಂದು ವೃತ್ತ ಎಳೆಯುತ್ತಿದ್ದರು. ಎಲ್ಲರೂ ಗೆರೆಯ ಮೇಲೆ ನಿಲ್ಲಬೇಕು. ಒಳಗೆ ಯಾರೂ ಇಲ್ಲ, ಹಿಂದೆಯೂ ಯಾರೂ ಇಲ್ಲ. ನಾನು ರೂಢಿಯಂತೆ ನಡುವೆ ಹೋಗಿ ನಿಂತೆ. "ಮೇಡಂ, ಗೆರೆ ಮೇಲೆ" ಎಂದರು. ಪಕ್ಕದಲ್ಲಿ ಬಾಂಡ್ಲಿ ಹೊರುವ ಹೆಂಗಸು ಸೀರೆ ಸೆರಗು ಸರಿಸಿಕೊಂಡು ನನಗೆ ಜಾಗ ಮಾಡಿಕೊಟ್ಟಳು. ಮೇಸ್ತ್ರಿಯೂ ಎಲ್ಲರ ಹಾಗೆ ಗೆರೆಯ ಮೇಲೆಯೇ ನಿಂತರು.

ಅವರ ಮೀಟಿಂಗು ಎಂಟೂಕಾಲಿಗೆ ಶುರುವಾಗುತ್ತಿತ್ತು. ಮೂಲೆಯ ಅಂಗಡಿಯಿಂದ ಟೀ ಕ್ಯಾನು ಬರುತ್ತಿದ್ದುದು ಎಂಟೂವರೆಗೆ. ಟೀ ಬರುವುದರೊಳಗೆ ಮುಗಿಯಬೇಕು, ಮುಗಿಯದೆ ಯಾರೂ ಲೋಟ ಮುಟ್ಟುವಂತಿಲ್ಲ. ಈ ಒಂದು ಕಟ್ಟಳೆಯಿಂದ ಬೇಡದ ಮಾತು ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವಳು ನಾನು. ಇಬ್ಬರ ನಡುವೆ ಚರ್ಚೆ ಶುರುವಾದರೆ ಮೇಸ್ತ್ರಿ ಕೈಯೆತ್ತಿ, "ಅದು ಗೆರೆ ಆಚೆ" ಎನ್ನುತ್ತಿದ್ದರು. ಆ ಇಬ್ಬರು ಆಮೇಲೆ ಟೀ ಕುಡಿಯುತ್ತ ಬಗೆಹರಿಸಿಕೊಳ್ಳಬೇಕು. ಉಳಿದ ಇಪ್ಪತ್ತೈದು ಜನ ನಿಂತು ಅದನ್ನು ಯಾಕೆ ಕೇಳಬೇಕು?

ಸರದಿ ಶುರುವಾಗುತ್ತಿದ್ದುದು ನೀರಿನ ಅಕ್ಕನಿಂದ. ಕೊನೆಯ ಸರದಿ ನನ್ನದು. ಇದು ನನಗೆ ಮೊದಮೊದಲು ಮೈ ಉರಿಸಿತು. ಒಂದು ದಿನ ಕೇಳಿಯೇಬಿಟ್ಟೆ. ಮೇಸ್ತ್ರಿ ಬೀಡಿ ಹಚ್ಚುತ್ತ ಹೇಳಿದರು: "ನೀವ್ ಮೊದ್ಲು ಮಾತಾಡಿದ್ರೆ, ಆಮೇಲೆ ಎಲ್ರೂ ನಿಮ್ ಮಾತೇ ಹೇಳ್ತಾರೆ ಮೇಡಂ. ಅಕ್ಕ ಮೊದ್ಲು ಮಾತಾಡಿದ್ರೆ ಅಕ್ಕನ್ ಮಾತು ನಮಗ್ ಸಿಗತ್ತೆ."

ಒಬ್ಬೊಬ್ಬರಿಗೂ ಮೂರೇ ಪ್ರಶ್ನೆ. ನಿನ್ನೆ ಏನು ಮುಗಿಯಿತು? ಇವತ್ತು ಏನು ಮಾಡುತ್ತೀಯ? ಇವೆರಡು ಎಲ್ಲ ಕಡೆ ಕೇಳುವಂಥವೇ. ಮೂರನೆಯದು ಅವರದೇ: "ಏನ್ ನುಂಗ್ಕೊಂಡಿದೀಯ?" ಅಂದರೆ, ಹೇಳಬೇಕಾಗಿದ್ದೂ ಹೇಳದೆ ಒಳಗಿಟ್ಟುಕೊಂಡ ಮಾತು ಯಾವುದು. ಕಬ್ಬಿಣ ಕಟ್ಟುವವರು ತಂತಿ ಸಾಲದು ಎಂಬುದನ್ನು ನುಂಗಿರುತ್ತಿದ್ದರು. ಪ್ಲಂಬರ್ ತಾನು ಅಳತೆ ತಪ್ಪಿದ್ದನ್ನು ನುಂಗಿರುತ್ತಿದ್ದ. ಒಬ್ಬಾಕೆ ಏಣಿಯ ಮೇಲಿನಿಂದ ಮೂರನೆಯ ಮೆಟ್ಟಿಲು ಅಲ್ಲಾಡುತ್ತದೆ ಎಂಬುದನ್ನು ನಾಲ್ಕು ದಿನ ನುಂಗಿಕೊಂಡಿದ್ದಳು. ಹೇಳಿದವರನ್ನು ಮೇಸ್ತ್ರಿ ಅಲ್ಲಿ ಬೈಯುತ್ತಿರಲಿಲ್ಲ. ಬೈಗುಳವೂ ಗೆರೆ ಆಚೆ. ಬೈಯಲು ಶುರುಮಾಡಿದರೆ ಅವರಷ್ಟು ಬೈಯುವವರು ಸಾರಕ್ಕಿಯಲ್ಲೇ ಇರಲಿಲ್ಲ ಎನ್ನುವುದು ಬೇರೆ ಮಾತು.

ಏಳೆಂಟು ತಿಂಗಳು ಹೀಗೆ ನಡೆಯಿತು. ಒಂದು ಅಂತಸ್ತಿನ ಮೇಲೆ ಇನ್ನೊಂದು ಎದ್ದಿತು. ಯಾರ ಕೈಗೂ ಕಾಲಿಗೂ ಪೆಟ್ಟಾಗಲಿಲ್ಲ. ನಾನು ಇಸ್ತ್ರಿ ಅಂಗಿ ಬಿಟ್ಟು ಹಳೆಯ ಚೂಡಿದಾರ್ ಹಾಕಿಕೊಂಡು ಬರತೊಡಗಿದೆ.

ಆಮೇಲೆ ಹೊಸ ಮ್ಯಾನೇಜರ್ ಬಂದರು. ಕೆಟ್ಟ ಮನುಷ್ಯರೇನಲ್ಲ, ಮೀಟಿಂಗ್ ಪ್ರಿಯರು. ಸೈಟಿನ ಮೂಲೆಯಲ್ಲಿ ತಗಡಿನ ಆಫೀಸು ಬಂತು, ಅದಕ್ಕೆ ಏಸಿ ಬಂತು, ಆರು ಕುರ್ಚಿ ಬಂದವು. ಮೀಟಿಂಗು ಒಳಗೆ ಹೋಯಿತು. ಆರು ಕುರ್ಚಿಯಲ್ಲಿ ಆರು ಜನ ಮುಖ್ಯಸ್ಥರು ಕೂತರು. ಉಳಿದವರಿಗೆ ಫೋನಿನಲ್ಲಿ ಒಂದು ಗ್ರೂಪ್ ಮಾಡಿ, ಅದರಲ್ಲಿ ಹೆಬ್ಬೆಟ್ಟಿನ ಚಿತ್ರ ಒತ್ತಿದರೆ ಸಾಕು ಎಂದರು. ನೀರಿನ ಅಕ್ಕನ ಹತ್ತಿರ ಇದ್ದದ್ದು ಗುಂಡಿ ಫೋನು. ಕುರ್ಚಿಗಳಿಗೆ ಒಂದು ಗುಣ ಇದೆ, ಕೂತವರಿಗೆ ಏಳಲು ಮನಸ್ಸಾಗುವುದಿಲ್ಲ. ಕಾಲು ಗಂಟೆಯ ಮಾತು ಒಂದೂವರೆ ಗಂಟೆಗೆ ಹೋಯಿತು. ಬೆಳಗಿನದು ಸಾಲದು ಎಂದು ಸಂಜೆಯೂ ಒಂದು ಸೇರಿಕೊಂಡಿತು. ಮೇಸ್ತ್ರಿ ಆ ಕುರ್ಚಿಯ ತುದಿಯಲ್ಲಿ, ಬಸ್ ಸ್ಟಾಪ್ ಬಂದರೆ ಇಳಿದುಬಿಡುವವರ ಹಾಗೆ ಕೂರುತ್ತಿದ್ದರು.

ಹಾಗೆಂದು ಗೆರೆ ಬಿಡಲಿಲ್ಲ. ಒಳಗೆ ಮೀಟಿಂಗು ಒಂಬತ್ತಕ್ಕೆ, ತಮ್ಮದು ಎಂಟೂಕಾಲಿಗೆ. ಮ್ಯಾನೇಜರ್ ಬೇಡ ಎಂದರು. ಮೇಸ್ತ್ರಿ ಗೇಟಿನ ಆಚೆ, ರಸ್ತೆ ಬದಿಯಲ್ಲಿ ಗೆರೆ ಎಳೆದರು. ಅಲ್ಲಿಯೂ ಬೇಡ, ಮಾಲೀಕರು ನೋಡಿದರೆ ಕೆಲಸ ಬಿಟ್ಟು ಮುಷ್ಕರಕ್ಕೆ ನಿಂತಿದ್ದಾರೆ ಎಂದುಕೊಳ್ಳುತ್ತಾರೆ ಎಂದು ಮ್ಯಾನೇಜರ್ ಗಟ್ಟಿಯಾಗಿಯೇ ಹೇಳಿದರು. ಮೂರು ದಿನ ಗೆರೆ ಎಳೆಯುವುದು ನಿಂತುಹೋಯಿತು. ನಾನು ಮೇಸ್ತ್ರಿಯ ಪರವಾಗಿ ಒಂದು ಮಾತೂ ಆಡಲಿಲ್ಲ. ಆ ಆರು ಕುರ್ಚಿಗಳಲ್ಲಿ ಒಂದು ನನ್ನದಾಗಿತ್ತು, ಏಸಿ ತಣ್ಣಗಿತ್ತು.

ಆ ಮೂರು ದಿನದಲ್ಲೇ ಆದದ್ದು ಅದು.

ಮೂರನೇ ಅಂತಸ್ತಿನ ಮೋಲ್ಡ್ ಹಾಕುವುದಿತ್ತು. ಮೋಲ್ಡ್ ಎಂದರೆ ಛಾವಣಿಯ ಕಾಂಕ್ರೀಟು. ಹಸಿ ಕಾಂಕ್ರೀಟಿನ ಭಾರ ಹೊರಲು ಹಲಗೆಯ ಕೆಳಗೆ ಕಬ್ಬಿಣದ ಕಂಬಗಳನ್ನು ಒತ್ತೊತ್ತಾಗಿ ಕೊಟ್ಟಿರುತ್ತಾರೆ. ಸೈಟಿನಲ್ಲಿ ಅದಕ್ಕೆ ಜಾಕಿ ಎನ್ನುತ್ತಾರೆ. ಅದಕ್ಕಿಂತ ಕೆಳಗಿನ ಅಂತಸ್ತಿನ ಛಾವಣಿ ಇನ್ನೂ ಎಳೆಯದು, ಪೂರ್ತಿ ಬಲಿತಿರುವುದಿಲ್ಲ, ಆದ್ದರಿಂದ ಅದರ ಕೆಳಗಿನ ಜಾಕಿಗಳನ್ನೂ ತೆಗೆಯುವಂತಿಲ್ಲ. ಮೋಲ್ಡ್ ಹಾಕುವ ಮುನ್ನ ಎಂಜಿನಿಯರ್ ಎರಡೂ ಅಂತಸ್ತು ಓಡಾಡಿ ನೋಡಿ ಒಂದು ಹಾಳೆಗೆ ಸಹಿ ಹಾಕಬೇಕು. ಎಂಜಿನಿಯರ್ ಎಂದರೆ ನಾನು.

ಹಿಂದಿನ ದಿನ ಸಂಜೆ ಆ ಹಾಳೆ ನನ್ನ ಮುಂದೆ ಬಂದದ್ದು ತಗಡಿನ ಆಫೀಸಿನಲ್ಲಿ, ಮೀಟಿಂಗಿನ ನಡುವೆ. ಮ್ಯಾನೇಜರ್ ಗೋಡೆಯ ಮೇಲೆ ಬಣ್ಣಬಣ್ಣದ ಪಟ್ಟಿ ತೋರಿಸುತ್ತಿದ್ದರು. ನಾನು ಮಧ್ಯಾಹ್ನ ಮೇಲೆ ಹತ್ತಿ ಕಬ್ಬಿಣ ನೋಡಿದ್ದೆ. ಕೆಳಗಿನ ಅಂತಸ್ತಿಗೆ ಹೋಗುವುದು ಉಳಿದಿತ್ತು. ಮೀಟಿಂಗು ಮುಗಿದ ಮೇಲೆ ಹೋಗೋಣ ಎಂದುಕೊಂಡಿದ್ದೆ. ಮೀಟಿಂಗು ಮುಗಿಯಲಿಲ್ಲ. ಬೆಳಿಗ್ಗೆ ಲಾರಿ ಬರುತ್ತದೆ, ಬೇಗ ಸಹಿ ಹಾಕಿ ಎಂದರು. ಕೆಳಗಿನ ಜಾಕಿಗಳನ್ನು ನೋಡಲಾಗಿದೆ ಎಂಬ ಸಾಲಿನ ಮುಂದೆ ಗುರುತು ಹಾಕಿ, ಸಹಿ ಹಾಕಿದೆ. ಅಷ್ಟೆ.

ಬೆಳಿಗ್ಗೆ ಎಂಟಕ್ಕೇ ಕಾಂಕ್ರೀಟ್ ಲಾರಿ ಗೇಟಿಗೆ ಬಂದು ನಿಂತಿತ್ತು. ಅದರ ಡ್ರಮ್ಮು ಗರಗರ ತಿರುಗುತ್ತಿತ್ತು. ಹಿಂದೆ ಬಸ್ಸು, ಆಟೋ ಎಲ್ಲ ಹಾರನ್ ಹೊಡೆಯುತ್ತಿದ್ದವು. ಇವತ್ತು ಯಾವ ಮೀಟಿಂಗೂ ಇಲ್ಲ, ನೇರ ಕೆಲಸ ಎಂದು ಮ್ಯಾನೇಜರ್ ಹೇಳಿಯಾಗಿತ್ತು. ಮೇಸ್ತ್ರಿ ಸ್ಟೋರಿನಿಂದ ಡಬ್ಬ ಹಿಡಿದು ಬಂದರು. ಲಾರಿಯ ಮುಂದೆಯೇ ಬಗ್ಗಿ ಗೆರೆ ಎಳೆಯತೊಡಗಿದರು.

"ಏನ್ರೀ ಮೇಸ್ತ್ರಿ, ಹೇಳಿದ್ ಅರ್ಥ ಆಗಲ್ವಾ ನಿಮಗೆ?" ಎಂದು ಮ್ಯಾನೇಜರ್ ಕೂಗಿದರು.

"ಆಗತ್ತೆ ಸಾರ್. ಟೀ ಬರೋದ್ರೊಳಗೆ ಮುಗೀತದೆ" ಎಂದರು ಮೇಸ್ತ್ರಿ, ತಲೆ ಎತ್ತದೆ.

ಒಬ್ಬೊಬ್ಬರಾಗಿ ಬಂದು ನಿಂತರು. ಬಾಂಡ್ಲಿ ಕೆಳಗಿಟ್ಟು, ಗುದ್ದಲಿ ಒರಗಿಸಿ. ನಾನೂ ನಿಂತೆ. ಎಲ್ಲರೂ ನಿಂತಾಗ ಒಬ್ಬಳೇ ಹೊರಗೆ ಉಳಿಯುವ ಧೈರ್ಯ ನನಗಿರಲಿಲ್ಲ.

ನೀರಿನ ಅಕ್ಕನ ಸರದಿ ಮೊದಲು. ಮೂರನೆಯ ಪ್ರಶ್ನೆಗೆ ಅವರು ಸ್ವಲ್ಪ ಹೊತ್ತು ಸೆರಗಿನ ತುದಿ ತಿರುಚಿದರು. "ಅಣ್ಣ, ಕೆಳಗಿನ್ ಮಹಡಿಗೆ ಪೈಪ್ ಎಳ್ಕೊಂಡ್ ಹೋಗೋವಾಗ ದಿನಾ ಜಾಕಿಗೆ ಸಿಕ್ಕಾಕ್ಕೊಳ್ತಿತ್ತು. ಬಿಡಿಸ್ಕೊಂಡು ಬಿಡಿಸ್ಕೊಂಡು ಹೋಗ್ತಿದ್ದೆ. ನಿನ್ನೆ ಎಲ್ಲೂ ಸಿಕ್ಕಾಕ್ಕೊಳ್ಲಿಲ್ಲ" ಎಂದರು.

ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಎಲ್ಲರಿಗೂ ಒಟ್ಟಿಗೇ ತಿಳಿಯಿತು. ಹಲಗೆ, ಜಾಕಿ ಕೊಡುವ ಸೆಂಟ್ರಿಂಗ್ ಕೆಲಸದ ಮುಖ್ಯಸ್ಥನ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತು. ಮೇಲಿನ ಅಂತಸ್ತಿಗೆ ಜಾಕಿ ಸಾಲದೆ, ಕೆಳಗಿನಿಂದ ನಡುವಿನವನ್ನೆಲ್ಲ ತೆಗೆದು ಮೇಲಕ್ಕೆ ಕೊಟ್ಟಿದ್ದರು. ಕೆಳಗಿನದು ಬಲಿತಿರಬೇಕು ಬಿಡು ಎಂದುಕೊಂಡಿದ್ದರಂತೆ. ಏಸಿ ರೂಮಿನಲ್ಲಿ ಆತನನ್ನು ಕೇಳಿದಾಗ ಎಲ್ಲ ರೆಡಿ ಸಾರ್ ಎಂದಿದ್ದ. ಅಲ್ಲಿ ಮೂರನೆಯ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಮೇಸ್ತ್ರಿ ಆಗಲೇ ಓಡಿಹೋಗುತ್ತಾರೆ ಎಂದುಕೊಂಡೆ. ಓಡಲಿಲ್ಲ. ಕಾಂಕ್ರೀಟು ಮೇಲಕ್ಕೇರಿಸುವ ಪಂಪಿನ ಹತ್ತಿರ ಇದ್ದವರಿಗೆ ಕೈ ಅಡ್ಡ ತೋರಿಸಿ ನಿಲ್ಲಿಸಿ, ಸರದಿ ಮುಂದುವರಿಸಿದರು. ಕಬ್ಬಿಣದವರು, ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್... ಲಾರಿಯ ಡ್ರಮ್ಮು ತಿರುಗುತ್ತಲೇ ಇತ್ತು. ಕೊನೆಗೆ ಸರದಿ ನನ್ನ ಮುಂದೆ ಬಂದಿತು.

"ಮೇಡಂ, ನೀವೇನಾದ್ರೂ ನುಂಗ್ಕೊಂಡಿದೀರಾ?"

ಸಹಿ ಹಾಕಿದ ಹಾಳೆಯ ನಕಲು ನನ್ನ ಕೈಯಲ್ಲಿದ್ದ ಫೈಲಿನಲ್ಲೇ ಇತ್ತು. ಅದರ ಹಳದಿ ಅಂಚು ಹೊರಗೆ ಇಣುಕುತ್ತಿತ್ತು. ಅವರ ಕಣ್ಣು ಒಂದು ಸಲ ಆ ಅಂಚಿನ ಮೇಲೆ ಹೋಗಿ ವಾಪಸ್ ನನ್ನ ಮುಖಕ್ಕೆ ಬಂತು. ಇಪ್ಪತ್ತೈದು ಜನ ನನ್ನನ್ನು ನೋಡುತ್ತಿದ್ದರು.

"ಇಲ್ಲ ಮೇಸ್ತ್ರಿ" ಎಂದೆ.

"ಸರಿ ಮೇಡಂ" ಎಂದರು.

ಆಮೇಲೆ ಅವರು ಹೋಗಿ ಪಂಪಿನ ಮುಂದೆ ನಿಂತುಕೊಂಡರು. ಮ್ಯಾನೇಜರ್ ಕೂಗಾಡಿದರು, ಕಾಂಕ್ರೀಟು ಲಾರಿಯಲ್ಲೇ ಕಲ್ಲಾಗುತ್ತದೆ ಎಂದರು, ಹತ್ತು ನಿಮಿಷದಲ್ಲಿ ನಾಲ್ಕು ಜಾಕಿ ಕೊಟ್ಟು ಶುರುಮಾಡಿ ಎಂದರು. ಮೇಸ್ತ್ರಿ ಒಂದೇ ಮಾತು ಹೇಳಿದರು. "ಕೆಳಗಡೆ ನನ್ ಜನ ಇರ್ತಾರೆ ಸಾರ್. ಎಲ್ಲಾ ಜಾಕಿ ವಾಪಸ್ ಬರ್ಲಿ, ಆಮೇಲ್ ಹಾಕ್ತೀನಿ." ಲಾರಿ ಬಂದ ದಾರಿಯಲ್ಲೇ ವಾಪಸ್ ಹೋಯಿತು. ಮರುದಿನ ಸಂಜೆಯ ಹೊತ್ತಿಗೆ ಬಾಡಿಗೆಗೆ ತಂದ ಜಾಕಿಗಳನ್ನು ಕೊಟ್ಟು ಮುಗಿಸಿದರು. ಅದರಾಚೆಯ ದಿನ ಮೋಲ್ಡ್ ಹಾಕಿದರು. ಯಾರಿಗೂ ಏನೂ ಆಗಲಿಲ್ಲ. ಏನೂ ಆಗದೆ ಇದ್ದದ್ದಕ್ಕೆ ಯಾರನ್ನೂ ಯಾರೂ ಹೊಗಳುವುದಿಲ್ಲ.

ಆದರೆ ಲಾರಿ ವಾಪಸ್ ಹೋದದ್ದಕ್ಕೆ ಒಬ್ಬರ ತಲೆ ಬೇಕಿತ್ತು. ಮಾಲೀಕರು ಬಂದರು. ತಗಡಿನ ಆಫೀಸಿನಲ್ಲಿ ಆರು ಕುರ್ಚಿ ತುಂಬಿತು. ಜಾಕಿ ತೆಗೆದದ್ದನ್ನು ನೋಡಬೇಕಾದವರು ಯಾರು ಎಂಬ ಪ್ರಶ್ನೆ ಬಂತು. ನಾನು ಫೈಲನ್ನು ಮಡಿಲಿಗೆ ಎಳೆದುಕೊಂಡೆ. ಮೇಸ್ತ್ರಿ ಎದ್ದು ನಿಂತು, "ಸೆಂಟ್ರಿಂಗ್ ನನ್ ಕೈಕೆಳಗೆ ಸಾರ್. ನಾನ್ ನೋಡ್ಬೇಕಿತ್ತು" ಎಂದರು. ಫೈಲು ತೆರೆಯುವ ಗೋಜಿಗೇ ಯಾರೂ ಹೋಗಲಿಲ್ಲ. ಹೇಳಿದ ಮಾತು ಕೇಳದವರು, ಎಲ್ಲರ ಮುಂದೆ ಮ್ಯಾನೇಜರರನ್ನು ಎದುರು ಹಾಕಿಕೊಂಡವರು, ಈಗ ತಪ್ಪನ್ನೂ ಒಪ್ಪಿಕೊಂಡರು. ಶನಿವಾರ ಅವರ ಕೊನೆಯ ದಿನ ಎಂದಾಯಿತು.

ನಾನು ಆಗ ಬಾಯಿ ಬಿಡಬಹುದಿತ್ತು. ಎಷ್ಟು ಚಿಕ್ಕ ವಾಕ್ಯ ಅದು! ಸಹಿ ನನ್ನದು, ನಾನು ನೋಡಿರಲಿಲ್ಲ. ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಅವರದು ಉಳಿಯುತ್ತಿತ್ತೋ ಏನೋ. ನಾನು ಹೇಡಿಯಾಗಿದ್ದೆ. ಇದಕ್ಕೆ ಮೆತ್ತನೆಯ ಬೇರೆ ಪದ ಹುಡುಕುವ ಆಸೆ ನನಗಿಲ್ಲ.

ಶನಿವಾರ ಸಂಜೆ ಮೇಸ್ತ್ರಿ ಕರಣೆ, ತೂಕದ ಗುಂಡು ಎಲ್ಲ ಚೀಲಕ್ಕೆ ತುಂಬಿಕೊಂಡರು. ಡಬ್ಬ ಮಾತ್ರ ತಂದು ನನ್ನ ಕೈಗೆ ಕೊಟ್ಟರು. ಸುಣ್ಣ ಇನ್ನೂ ಅರ್ಧ ಇತ್ತು. "ಗೆರೆ ಎಳೀತಾ ಇರಿ ಮೇಡಂ" ಎಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತು ಮತ್ತೆ ಹೇಳಿದರು: "ಆವತ್ತು ನಿಮ್ ಸರದಿ ಮುಗೀಲಿಲ್ಲ. ಇನ್ನೂ ಇದೆ." ಸಿಟ್ಟು ಇರಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ಸಿಟ್ಟು ಮಾಡಿಕೊಂಡು ಮರೆತುಬಿಡಬಹುದಿತ್ತು.

ಸೋಮವಾರದಿಂದ ನಾನು ಗೆರೆ ಎಳೆದೆ. ಮ್ಯಾನೇಜರ್ ನೋಡಿದರು, ಯಾಕೋ ಬೇಡ ಎನ್ನಲಿಲ್ಲ. ಆಮೇಲೆ ಬೇರೆ ಸೈಟುಗಳು ಬಂದವು. ಬನಶಂಕರಿ, ಜೆ.ಪಿ. ನಗರ, ಬಿಟಿಎಂ, ಈಗ ಇಲ್ಲಿ. ಎಲ್ಲ ಕಡೆ ಯಾರಾದರೊಬ್ಬರು ಬಂದು ಇದು ಹಳೇ ಕಾಲದ್ದು ಎಂದು ಮೂಗು ಮುರಿದಿದ್ದಾರೆ. ಅವರು ಹೋದರು, ನಾನೂ ಗೆರೆಯೂ ಉಳಿದೆವು. ಬೆಳಿಗ್ಗೆ ಎಂಟೂಕಾಲು, ನಿಂತುಕೊಂಡು, ಕೆಳಗಿನವರಿಂದ ಮೊದಲು, ಟೀ ಬರುವುದರೊಳಗೆ. ಹನ್ನೆರಡು ವರ್ಷ ಎಲ್ಲರಿಗೂ ಆ ಮೂರನೆಯ ಪ್ರಶ್ನೆ ಕೇಳಿದೆ. ಕೊನೆಯ ಸರದಿ ನನ್ನದು ಬಂದಾಗ ಪ್ರತಿದಿನ ಸಿಮೆಂಟಿನದೋ ಮರಳಿನದೋ ಏನಾದರೊಂದು ಹೇಳಿ ದಾಟಿಸಿದೆ.

ಮೇಲ್‌ಗೆ ಉತ್ತರ ಬರೆಯದೆ ಇದ್ದದ್ದಕ್ಕೆ ನಿನ್ನೆ ಹೆಡ್ಡಾಫೀಸಿನಿಂದ ಫೋನ್ ಬಂತು. ನಾಳೆ ಬೆಳಿಗ್ಗೆ ನಿಮ್ಮ ಮೀಟಿಂಗನ್ನು ನಾವು ವಿಡಿಯೋದಲ್ಲಿ ನೋಡುತ್ತೇವೆ, ಆಮೇಲೆ ನಿರ್ಧಾರ ತಿಳಿಸುತ್ತೇವೆ ಎಂದರು. ನೋಡಿ ಸಾರ್, ಸರಿಯಾಗಿ ನೋಡಿ ಎಂದೆ.

ಇವತ್ತು ಬೆಳಿಗ್ಗೆ ಆ ತುಕ್ಕು ಡಬ್ಬಕ್ಕೆ ಹೊಸ ಸುಣ್ಣ ತುಂಬಿ ಗೆರೆ ಎಳೆದೆ. ಫೋನನ್ನು ಇಟ್ಟಿಗೆಗೆ ಒರಗಿಸಿ ನಿಲ್ಲಿಸಿದೆವು. ಅದರೊಳಗೆ ನಾಲ್ಕು ಮುಖಗಳು, ನಾಲ್ಕಕ್ಕೂ ಕುರ್ಚಿಯ ಬೆನ್ನು ಕಾಣುತ್ತಿತ್ತು. ನೀರಿನ ಅಕ್ಕ ಶುರುಮಾಡಿದರು. ಅವರ ಕೂದಲು ಈಗ ಪೂರ್ತಿ ಬೆಳ್ಳಗಾಗಿದೆ. ಸಂಪಿನ ಮೋಟಾರು ಬಿಸಿಯಾಗುತ್ತಿದೆ ಎಂದರು. ಸರದಿ ಸುತ್ತಿ ಸುತ್ತಿ ಬಂದು ನನ್ನ ಹತ್ತಿರ ನಿಂತಿತು. ಕೇಳುವವಳೂ ನಾನೇ, ಹೇಳುವವಳೂ ನಾನೇ ಆಗಿದ್ದರಿಂದ ಇಷ್ಟು ವರ್ಷ ಸುಲಭವಾಗಿತ್ತು. ಇವತ್ತು ಅಕ್ಕನ ಕಡೆ ತಿರುಗಿ, ನೀವು ಕೇಳಿ ಎಂದೆ.

ಅಕ್ಕ ಕೇಳಿದರು. "ಮೇಡಂ, ನೀವ್ ಏನ್ ನುಂಗ್ಕೊಂಡಿದೀರಾ?"

ಹೇಳಿದೆ. ಫೋನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ. ಸಾರಕ್ಕಿಯ ಸೈಟು, ಹಳದಿ ಹಾಳೆ, ನೋಡದೆ ಹಾಕಿದ ಸಹಿ, ನನ್ನ ಬದಲು ಹೋದ ಮನುಷ್ಯ. ಫೋನಿನೊಳಗೆ ಯಾರೋ ಕೆಮ್ಮಿದರು. ಇದರಿಂದ ನನ್ನ ಕೆಲಸಕ್ಕೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಆಗುವುದಾಗಲಿ. ಗೆರೆಯ ಮೇಲೆ ನಿಂತ ಮೂವತ್ತೆರಡು ಜನರಲ್ಲಿ ಒಬ್ಬರೂ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ನಂಗ್ ಗೊತ್ತಿತ್ತು ಮೇಡಂ" ಎಂದರು ಅಕ್ಕ, ಮೆಲ್ಲಗೆ. "ಅಣ್ಣಂಗೂ ಗೊತ್ತಿತ್ತು. ನೀವೇ ಹೇಳ್ತೀರ ಅಂತಿದ್ರು."

ಟೀ ಕ್ಯಾನು ಬಂತು. ಯಾರೂ ಲೋಟಕ್ಕೆ ಕೈ ಹಾಕಲಿಲ್ಲ. ಸರದಿ ಮುಗಿಯಿತು ಎಂದು ಹೇಳಬೇಕಾದವಳು ನಾನು, ಇನ್ನೂ ಹೇಳಿರಲಿಲ್ಲ. ಕತ್ರಿಗುಪ್ಪೆಯವರೆಗೆ ಹೋಗಿ ಹೇಳಬೇಕಾಗಿದ್ದ ಮಾತನ್ನು ಕೋಣನಕುಂಟೆಯಲ್ಲಿ ಹೇಳಿದ್ದೆ, ಅದೂ ಅವರು ಹೋಗಿ ತಿಂಗಳ ಮೇಲಾದ ಮೇಲೆ... ಅದನ್ನು ಕೇಳಿಸಿಕೊಂಡು "ಸರಿ ಮೇಡಂ" ಎನ್ನಬೇಕಾದವರು ಇಲ್ಲ. ಬಗ್ಗಿ ಫೋನು ಆರಿಸಿದೆ. ಡಬ್ಬ ಅಲ್ಲಾಡಿಸಿ ನೋಡಿದೆ, ನಾಳೆಗೆ ಸಾಕಾಗುವಷ್ಟು ಸುಣ್ಣ ಇತ್ತು.